ಮಹಾಮಾರಿಯ ಕಾಲದಲ್ಲಿ ಕುಟುಂಬದ ಮನಸ್ಸು



ನವೆಂಬರ್ 2 ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ದಿನ. ಅಂದು ಸಂಜೆ ನಾವು ಸ್ಮಶಾನಕ್ಕೆ ಹೋಗಿ ಸಮಾಧಿಗಳನ್ನು ಆಶೀರ್ವದಿಸುತ್ತೇವೆ. ಮನೆಮಂದಿ ಮೊದಲೇ ಬಂದು ಹುಲ್ಲು ಕಿತ್ತು, ಸುಣ್ಣ ಬಳಿದು, ಸೇವಂತಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ನಿಂತಿರುತ್ತಾರೆ. ಕೆಲವು ವರ್ಷಗಳಿಂದ ಒಂದು ಸಮಾಧಿಯ ಮುಂದೆ ನಾವು ಕಾಣುವ ನೋಟವೇ ಬೇರೆ. ಅಣ್ಣ ಬಂದು ಬತ್ತಿ ಹಚ್ಚಿ ಹೋದ ಮೇಲೆಯೇ ತಮ್ಮ ಬರುತ್ತಾನೆ. ತಾಯಿ ಮಾತ್ರ ಇಬ್ಬರ ಪಕ್ಕದಲ್ಲೂ ಒಮ್ಮೊಮ್ಮೆ ನಿಲ್ಲುತ್ತಾರೆ.

2021ರ ಮೇ ತಿಂಗಳಲ್ಲಿ ಆ ಮನೆಯ ಯಜಮಾನರು ಕೊರೋನಾದಿಂದ ತೀರಿಕೊಂಡರು. ಕಿರಿಯ ಮಗ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಿಂದ ಊರಿಗೆ ಬಂದಿದ್ದ. ತಂದೆಯನ್ನು ಮಣ್ಣು ಮಾಡಿದ ರಾತ್ರಿ ಅಣ್ಣನ ಬಾಯಿಂದ ಒಂದು ಮಾತು ಬಂತು: "ನೀ ಬರಲಿಲ್ಲಂದ್ರ ಅಪ್ಪ ಇರ್ತಿದ್ದ." ಅಂದಿನಿಂದ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಈ ಸಂಗತಿಯನ್ನು ತಾಯಿಯ ಒಪ್ಪಿಗೆ ಪಡೆದು, ಮನೆಯ ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇವೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳಿಗೆ ಹೋದಾಗ ಇಂಥ ಮೌನವನ್ನು ನಾವು ಬೇರೆ ಮನೆಗಳಲ್ಲೂ ಕಂಡಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಕೊರೋನಾವನ್ನು ಮಹಾಮಾರಿ ಎಂದು ಕರೆಯಿತು. ತುರ್ತು ಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಸಾರಿತು. ಆದರೆ ಮನೆಯೊಳಗಿನ ತುರ್ತು ಸ್ಥಿತಿ ಸರ್ಕಾರಿ ಆದೇಶದಿಂದ ಮುಗಿಯುವುದಿಲ್ಲ. ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಸಿಟ್ಟು, ಅಳು, ಮೌನ, ಕುಡಿತ, ಜಗಳ ಏಕೆ ಹೆಚ್ಚಿದವು? ಅದು ನಮ್ಮ ಸ್ವಭಾವದ ದೋಷವೇ, ವಿಶ್ವಾಸದ ಕೊರತೆಯೇ, ಅಥವಾ ದೇಹದ ಮತ್ತು ಮನಸ್ಸಿನ ಯಾವುದಾದರೂ ನಿಯಮವೇ? ಇದನ್ನು ತಿಳಿದುಕೊಂಡರೆ ಕ್ಷಮಿಸುವುದು ಸ್ವಲ್ಪ ಸುಲಭವಾದೀತೆಂಬ ಆಸೆಯಿಂದ ಈ ಲೇಖನ.

ನಮ್ಮ ನೆಲಕ್ಕೆ ಮಹಾಮಾರಿ ಹೊಸದಲ್ಲ

ನಮ್ಮ ಅಜ್ಜ ಮುತ್ತಜ್ಜರ ಕಾಲದಲ್ಲಿ ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕೇಂದ್ರವಾಗಿತ್ತು, ಹಿರೇಕೆರೂರು ಕೋಡ ತಾಲ್ಲೂಕಿನ ಕೇಂದ್ರವಾಗಿತ್ತು. ಹಾನಗಲ್ ಸೇರಿದಂತೆ ಇವೆಲ್ಲ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ಭಾಗಗಳು. ಸವಣೂರು ಮಾತ್ರ ನವಾಬರ ಸಂಸ್ಥಾನ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡು ವರ್ಷದೊಳಗೆ ಹುಬ್ಬಳ್ಳಿಯನ್ನು ಮುಟ್ಟಿತು. 1898ರಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಕಂಡುಹಿಡಿದ ಪ್ಲೇಗಿನ ಚುಚ್ಚುಮದ್ದನ್ನು ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಲಾಯಿತು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಅಂದಿನ ರೂಢಿ. 1918ರಲ್ಲಿ ಬಂದ ಇನ್‌ಫ್ಲುಯೆಂಜಾ ಭಾರತದಲ್ಲಿ ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಮುಂಬಯಿ ಪ್ರಾಂತ್ಯ ಅತಿ ಹೆಚ್ಚು ನೊಂದ ಭಾಗಗಳಲ್ಲಿ ಒಂದು.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಪ್ಲೇಗಿನ ಗುಡಿಸಲಿಗೆ ಮನೆಮಂದಿಯೆಲ್ಲ ಕೂಡಿ ಹೋಗುತ್ತಿದ್ದರು. ಕೊರೋನಾ ಕಾಲದಲ್ಲಿ ಒಂದೇ ಮನೆಯವರು ಒಂದೊಂದು ಕೋಣೆಗೆ ಬೇರೆಯಾಗಬೇಕಾಯಿತು. ನಮ್ಮ ಬಹಳ ಮನೆಗಳಲ್ಲಿ ಎರಡನೆಯ ಕೋಣೆಯೇ ಇಲ್ಲವೆಂಬುದು ಆದೇಶ ಬರೆದವರಿಗೆ ತಿಳಿದಿರಲಿಕ್ಕಿಲ್ಲ.

ದೇಶದ ಮೊದಲ ಕೊರೋನಾ ಸಾವು ಸಂಭವಿಸಿದ್ದು ನಮ್ಮ ರಾಜ್ಯದ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಹಾವೇರಿ ಜಿಲ್ಲೆಯ ಮೊದಲ ಪ್ರಕರಣ ಮೇ ಮೊದಲ ವಾರದಲ್ಲಿ ಸವಣೂರಿನಿಂದ ವರದಿಯಾಯಿತು. ಒಂದು ಓಣಿಗೆ ಬಿದಿರು ಕಟ್ಟಿ ದಾರಿ ಮುಚ್ಚಿದರೆ ಊರಿನವರೆಲ್ಲ ಆ ಓಣಿಯ ಕಡೆ ನೋಡುವ ದೃಷ್ಟಿಯೇ ಬದಲಾಗುತ್ತಿತ್ತು. 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಂದ ಎರಡನೆಯ ಅಲೆಯಲ್ಲಿ ಉಸಿರಾಟ ಕೆಟ್ಟವರನ್ನು ಹುಬ್ಬಳ್ಳಿಯ ಕಡೆಗೋ ದಾವಣಗೆರೆಯ ಕಡೆಗೋ ಒಯ್ಯಬೇಕಾಯಿತು. ಆಂಬುಲೆನ್ಸಿನ ಬಾಗಿಲು ಹಾಕಿದ ಮೇಲೆ ಬಹಳ ಮನೆಯವರು ತಮ್ಮವರ ಮುಖವನ್ನು ಮತ್ತೆ ಸರಿಯಾಗಿ ನೋಡಲಿಲ್ಲ.

ಭಯ ಬಂದಾಗ ದೇಹದಲ್ಲಿ ನಡೆಯುವುದೇನು?

ಸೃಷ್ಟಿಕರ್ತರು ನಮ್ಮ ದೇಹದಲ್ಲಿ ಒಂದು ಎಚ್ಚರಿಕೆಯ ಗಂಟೆಯನ್ನು ಇಟ್ಟಿದ್ದಾರೆ. ಮಿದುಳಿನ ಒಳಗೆ ಬಾದಾಮಿ ಬೀಜದ ಆಕಾರದ ಒಂದು ಭಾಗವಿದೆ. ಅದರ ಹೆಸರು ಅಮಿಗ್ಡಲಾ. ಹೊಲದಲ್ಲಿ ಹಾವು ಕಂಡರೆ ನಾವು ಯೋಚಿಸುವ ಮೊದಲೇ ಹಿಂದಕ್ಕೆ ಜಿಗಿಯುತ್ತೇವಲ್ಲವೇ? ಅದರಲ್ಲಿ ಈ ಭಾಗದ ಕೈವಾಡವಿದೆ. ಗಂಟೆ ಬಾರಿಸಿದ ಕೂಡಲೇ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಎಂಬ ರಸ ಹೊರಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಚುರುಕಾಗುತ್ತದೆ, ಸ್ನಾಯು ಬಿಗಿಯುತ್ತವೆ. ಕೆಲವು ನಿಮಿಷಗಳಲ್ಲಿ ಕಾರ್ಟಿಸಾಲ್ ಎಂಬ ಇನ್ನೊಂದು ರಸ ಏರಿ ರಕ್ತದಲ್ಲಿ ಸಕ್ಕರೆಯನ್ನು ಹೆಚ್ಚಿಸಿ ಓಡುವುದಕ್ಕೆ ಅಥವಾ ಹೋರಾಡುವುದಕ್ಕೆ ಶಕ್ತಿ ಒದಗಿಸುತ್ತದೆ. ಹಾವು ಹೋದ ಮೇಲೆ ಗಂಟೆ ನಿಲ್ಲುತ್ತದೆ.

ಕೊರೋನಾ ಎಂಬ ಹಾವು ಕಣ್ಣಿಗೆ ಕಾಣುವಂಥದ್ದಲ್ಲ. ಅದು ಹೋಯಿತೆಂದು ಹೇಳುವವರೂ ಇರಲಿಲ್ಲ. ಹಾಲಿನ ಪಾಕೀಟಿನಲ್ಲಿ ಇದೆಯೋ, ನೋಟಿನಲ್ಲಿ ಇದೆಯೋ, ಮೊಮ್ಮಗನ ಕೈಯಲ್ಲಿ ಇದೆಯೋ ಎಂದು ತಿಂಗಳುಗಟ್ಟಲೆ ಅಂಜಿದೆವು. ಗಂಟೆ ಬಾರಿಸುತ್ತಲೇ ಇತ್ತು. ಕಾರ್ಟಿಸಾಲ್ ಸಹಜವಾಗಿ ಬೆಳಿಗ್ಗೆ ಏರಿ ರಾತ್ರಿ ಇಳಿಯಬೇಕು. ಒತ್ತಡ ಬಹುಕಾಲ ನಿಂತರೆ ಈ ಏರಿಳಿತ ಕೆಡುತ್ತದೆ. ನಿದ್ದೆ ಬಾರದು, ಹೊಟ್ಟೆ ಕೆಡುತ್ತದೆ, ಮಧುಮೇಹ ಇದ್ದವರಿಗೆ ಸಕ್ಕರೆ ಹತೋಟಿಗೆ ಬಾರದು. ನಿದ್ದೆಗೆಟ್ಟ ಮಿದುಳಿನಲ್ಲಿ, ವಿವೇಚನೆ ಮಾಡುವ ಹಣೆಯ ಹಿಂದಿನ ಭಾಗ ಸೋಲುತ್ತದೆ, ಭಯದ ಗಂಟೆ ಗೆಲ್ಲುತ್ತದೆ. ಆಗ ಚಹಾದಲ್ಲಿ ಸಕ್ಕರೆ ಕಡಿಮೆಯಾದದ್ದೂ ಜಗಳಕ್ಕೆ ಕಾರಣವಾಗುತ್ತದೆ.

ಸೋಂಕು ತಗುಲಿದವರ ಸ್ಥಿತಿ ಇನ್ನೂ ಬೇರೆ. ರೋಗಾಣುವಿನ ವಿರುದ್ಧ ಹೋರಾಡುವ ರಕ್ತಕಣಗಳು ಸೈಟೋಕೈನ್ ಎಂಬ ಸಂದೇಶ ವಸ್ತುಗಳನ್ನು ಬಿಡುತ್ತವೆ. ಇವು ಮಿದುಳಿಗೂ ಸುದ್ದಿ ಮುಟ್ಟಿಸಿ, ಊಟ ಬೇಡ, ಮಾತು ಬೇಡ, ಒಬ್ಬನೇ ಬಿದ್ದುಕೊಳ್ಳಬೇಕು ಎಂಬ ಭಾವನೆ ತರುತ್ತವೆ. ಜ್ವರ ಬಂದ ಎತ್ತು ಮೇವು ಬಿಟ್ಟು ಮೂಲೆ ಹಿಡಿಯುವುದೂ ಇದೇ ಕಾರಣಕ್ಕೆ. "ನಮ್ಮವ್ರು ನನ್ನ ಮಾರಿ ನೋಡವಲ್ರು ಫಾದರ್" ಎಂದು ಒಬ್ಬ ತಂಗಿ ಅತ್ತಳು. ಆಕೆಯ ಗಂಡನ ಪ್ರೀತಿ ಕಡಿಮೆಯಾಗಿರಲಿಲ್ಲ. ಅವನ ದೇಹ ಯುದ್ಧದಲ್ಲಿತ್ತು.

ಔಷಧಿಯ ಪ್ರಭಾವವನ್ನೂ ಮರೆಯಬಾರದು. ಆಮ್ಲಜನಕ ಬೇಕಾದ ರೋಗಿಗಳ ಜೀವ ಉಳಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ನೆರವಾಗುತ್ತದೆಂದು 2020ರ ಜೂನ್ ತಿಂಗಳಲ್ಲಿ ತಿಳಿದುಬಂತು. ಅದೇ ಔಷಧಿ ಕೆಲವರಲ್ಲಿ ನಿದ್ದೆ ಕೆಡಿಸುತ್ತದೆ, ಸಿಡುಕು ತರುತ್ತದೆ, ಸಕ್ಕರೆ ಏರಿಸುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ರೋಗಿ ಗೊಂದಲಗೊಂಡು ಮನೆಯವರನ್ನೇ ಗುರುತಿಸದೆ ಬೈಯಬಹುದು. ಆಸ್ಪತ್ರೆಯಿಂದ ಫೋನಿನಲ್ಲಿ ಕೇಳಿದ ಕೊನೆಯ ಮಾತು ಬೈಗುಳವಾಗಿತ್ತೆಂದು ಇಂದಿಗೂ ಕೊರಗುವವರು ನಮ್ಮಲ್ಲಿದ್ದಾರೆ. ಪ್ರಿಯರೇ, ಆ ಮಾತನ್ನು ನಿಮ್ಮ ತಂದೆಯ ಹೃದಯದ ಮಾತೆಂದು ತಿಳಿಯಬೇಡಿ, ಅದು ಉಸಿರು ಸಾಲದ ಮಿದುಳಿನ ಮಾತು.

ರೋಗ ಹೋದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ಸುಸ್ತು, ಮರೆವು, ಮಂಕು ಕವಿದಂತಹ ಮನಸ್ಸು ಉಳಿಯಿತು. ಇದನ್ನು ದೀರ್ಘ ಕೋವಿಡ್ ಎನ್ನುತ್ತಾರೆ. "ಆರಾಮಾದ ಮ್ಯಾಲೂ ಮೈಗಳ್ಳತನ ಮಾಡ್ತಾನ" ಎಂದು ಇಂಥವರನ್ನು ಮೂದಲಿಸಿದ್ದು ಅನ್ಯಾಯವೇ ಸರಿ.

ಕುಡಿತದ ಮನೆಗಳಲ್ಲಿ ನಡೆದದ್ದು

2020ರ ಮಾರ್ಚ್ ಕೊನೆಯಲ್ಲಿ ಮುಚ್ಚಿದ ಮದ್ಯದಂಗಡಿಗಳು ಕರ್ನಾಟಕದಲ್ಲಿ ಮೇ 4ರಂದು ತೆರೆದವು. ಆ ಸುಮಾರು 40 ದಿನ ಕೆಲವು ತಾಯಂದಿರು, "ದೇವರು ದೊಡ್ಡವ, ನಮ್ಮನ್ಯಾಗ ಶಾಂತಿ ಬಂತು" ಎಂದರು. ಇನ್ನು ಕೆಲವು ಮನೆಗಳಲ್ಲಿ ಭಯವೇ ಹುಟ್ಟಿತು. ಏಕೆ?

ದಿನವೂ ಹೆಚ್ಚಾಗಿ ಕುಡಿಯುವವರ ಮಿದುಳು ಮದ್ಯದ ಮಂಪರಿಗೆ ಎದುರಾಗಿ ತನ್ನನ್ನು ತಾನು ಚುರುಕಾಗಿಟ್ಟುಕೊಳ್ಳಲು ಕಲಿತಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಚುರುಕು ಕಡಿವಾಣವಿಲ್ಲದ ಕುದುರೆಯಾಗುತ್ತದೆ. ಮೊದಲ ದಿನವೇ ಕೈನಡುಕ, ಬೆವರು, ನಿದ್ರಾಹೀನತೆ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್. ಎರಡರಿಂದ ನಾಲ್ಕು ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುವ, ದಿಕ್ಕು ತಪ್ಪುವ ಸನ್ನಿ. ಇದು ಪ್ರಾಣಕ್ಕೂ ಅಪಾಯ. ಇದಕ್ಕೆ ಆಸ್ಪತ್ರೆಯಲ್ಲಿ ಔಷಧಿ ಮತ್ತು ಬಿ1 ಜೀವಸತ್ವ ಬೇಕು. ಕೋಣೆಯಲ್ಲಿ ಕೂಡಿ ಹಾಕಿದರೆ, ಆಣೆ ಪ್ರಮಾಣ ಮಾಡಿಸಿದರೆ ಇದು ವಾಸಿಯಾಗದು. ಕುಡಿತ ಬಿಡಬೇಕೆಂಬವರು ದಯವಿಟ್ಟು ಮೊದಲು ವೈದ್ಯರನ್ನು ಕಾಣಿರಿ. ಹೆಂಡತಿ ಮಕ್ಕಳ ಮೇಲೆ ಕೈ ಮಾಡುವುದಕ್ಕೆ ಮಾತ್ರ ಈ ವಿವರಣೆ ಸಮರ್ಥನೆಯಾಗಲಾರದು. ಕಾರಣ ತಿಳಿಯುವುದು ಬೇರೆ, ತಪ್ಪನ್ನು ಒಪ್ಪುವುದು ಬೇರೆ. ಹೊಡೆತ ತಿನ್ನುತ್ತಿರುವ ತಾಯಿ ಸಹಿಸಿಕೊಂಡಿರಬೇಕೆಂದು ಧರ್ಮಸಭೆ ಎಂದೂ ಬೋಧಿಸುವುದಿಲ್ಲ.

ಒಂದೇ ಮನೆ, ಬೇರೆ ಬೇರೆ ಮನಸ್ಸು

ಒಂದೇ ಸೂರಿನಡಿ ಇದ್ದವರಿಗೆ ಒಂದೇ ಕಷ್ಟ ಒಂದೇ ರೀತಿ ತಟ್ಟಲಿಲ್ಲ.

ದುಡಿಯುವ ಗಂಡಸಿಗೆ ಕೆಲಸವೇ ಮರ್ಯಾದೆ. ಹೊಲದಲ್ಲಿ ಬೆಳೆದ ಕಲ್ಲಂಗಡಿ, ಹೂವು, ತರಕಾರಿಗೆ ಕೊಳ್ಳುವವರಿಲ್ಲದಾಗ, ಗಾರೆ ಕೆಲಸ, ಡ್ರೈವರ್ ಕೆಲಸ ನಿಂತಾಗ ಅವನು ಕಳೆದುಕೊಂಡದ್ದು ಹಣವನ್ನಷ್ಟೇ ಅಲ್ಲ, ಮನೆಯಲ್ಲಿ ತನಗಿದ್ದ ಸ್ಥಾನವನ್ನೂ ಕಳೆದುಕೊಂಡೆನೆಂದು ತಿಳಿದ. ನಮ್ಮ ಕಡೆ ಗಂಡಸರಿಗೆ ಅಳಲು ಕಲಿಸಿಲ್ಲ. ಆದ್ದರಿಂದ ದುಃಖ ಸಿಟ್ಟಿನ ಅಂಗಿ ತೊಟ್ಟು ಹೊರಬಂತು.

ತಾಯಂದಿರ ಕೆಲಸ ಇಮ್ಮಡಿಯಾಯಿತು. ಎಲ್ಲರೂ ಮನೆಯಲ್ಲಿ, ಮೂರು ಹೊತ್ತು ರೊಟ್ಟಿ, ಅತ್ತೆಯ ಔಷಧಿ, ಮಕ್ಕಳ ಪಾಠ, ಸಾಲದ ಕಂತಿನ ಚಿಂತೆ. ಆಶಾ ಕಾರ್ಯಕರ್ತೆಯರಾಗಿದ್ದ ಸೋದರಿಯರು ಹಗಲೆಲ್ಲ ಮನೆಮನೆ ತಿರುಗಿ, ಸಂಜೆ ತಮ್ಮ ಮನೆಯ ಹೊಸ್ತಿಲಲ್ಲಿಯೇ ಮಕ್ಕಳನ್ನು ದೂರ ನಿಲ್ಲಿಸಬೇಕಾಗಿತ್ತು.

ಬಾಣಂತಿಯರ ವಿಷಯ ಬಂದಾಗ ನಾವು ನಮ್ಮ ತಪ್ಪನ್ನೇ ಒಪ್ಪಿಕೊಳ್ಳಬೇಕಾಗಿದೆ. 2020ರ ಮಳೆಗಾಲದಲ್ಲಿ ಹೆರಿಗೆಯಾದ ಒಬ್ಬ ತಂಗಿ ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲವೆಂದು ಅಳುತ್ತಿದ್ದಳು. ತವರಿಗೆ ಹೋಗಲು ಆಗಿರಲಿಲ್ಲ, ತಾಯಿ ಬರಲು ಆಗಿರಲಿಲ್ಲ. ನಾವು ಫೋನಿನಲ್ಲಿ ಜಪಸರ ಹೇಳಿಕೋ, ದೇವಮಾತೆಯನ್ನು ನೆನೆ ಎಂದೆವು. ಅವಳು ಜಪಸರ ಹೇಳಿದಳು, ಅಳುವೂ ನಿಲ್ಲಲಿಲ್ಲ. ಮೇಲಾಗಿ, "ನನ್ನ ವಿಶ್ವಾಸ ಸಾಲದೇನೋ" ಎಂಬ ಹೊಸ ಭಾರವೂ ಸೇರಿತು. ಆರು ವಾರದ ನಂತರ ನರ್ಸ್ ಆಗಿರುವ ಒಬ್ಬ ಸೋದರಿ ಅವಳನ್ನು ವೈದ್ಯರ ಬಳಿ ಕರೆದೊಯ್ದರು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ತೀವ್ರವಾಗಿ ಇಳಿಯುತ್ತವೆ. ಅದಕ್ಕೆ ನಿದ್ದೆಗೇಡು, ಒಂಟಿತನ, ಭಯ ಸೇರಿದಾಗ ಹತ್ತು ಬಾಣಂತಿಯರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಖಿನ್ನತೆ ಬರುತ್ತದೆ. ಅದು ಔಷಧಿ ಮತ್ತು ಆರೈಕೆಯಿಂದ ವಾಸಿಯಾಗುವ ರೋಗ. ಅವಳೂ ವಾಸಿಯಾದಳು. ಆ ಆರು ವಾರ ಮಾತ್ರ ನಮ್ಮ ಲೆಕ್ಕಕ್ಕೆ ಸೇರಿವೆ.

ಮಕ್ಕಳು ತಮ್ಮ ಭಯವನ್ನು ಮಾತಿನಲ್ಲಿ ಹೇಳಲಾರರು. ಹೊಟ್ಟೆ ನೋವು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಅವ್ವನ ಸೆರಗು ಬಿಡದಿರುವುದು, ಇವೇ ಅವರ ಮಾತುಗಳು. ಮಕ್ಕಳು ಟಿವಿಯ ಸುದ್ದಿಗಿಂತ ತಾಯ್ತಂದೆಯರ ಮುಖವನ್ನೇ ಹೆಚ್ಚು ಓದುತ್ತಾರೆ. ಒಲೆಯ ಹೊಗೆ ಹೇಗೆ ಮನೆಯೆಲ್ಲ ಹರಡುವುದೋ ಹಾಗೆ ಒಬ್ಬರ ಆತಂಕ ಎಲ್ಲರಿಗೂ ಹರಡುತ್ತದೆ.

ಹರೆಯದವರ ದೇಹದಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಹೊರಡುತ್ತದೆ. ವಿವೇಚನೆಯ ಮಿದುಳು ಪೂರ್ಣ ಬಲಿಯಲು ಸುಮಾರು 25 ವರ್ಷ ಬೇಕು. ಆ ವಯಸ್ಸಿಗೆ ಗೆಳೆಯರ ಸಂಗ ಅನ್ನದಷ್ಟೇ ಅಗತ್ಯ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು, ಅಕ್ಟೋಬರ್‌ನಲ್ಲಿ ನಿಂತಿತು. ಮನೆಗೊಂದೇ ಮೊಬೈಲು, ಅದಕ್ಕೆ ಮೂವರು ಮಕ್ಕಳು, ಸಿಗ್ನಲಿಗಾಗಿ ಗುಡ್ಡ ಹತ್ತುವ ಪಾಡು. ಆಮೇಲೆ ಅದೇ ಮೊಬೈಲು ರಾತ್ರಿ ಎರಡು ಗಂಟೆಯವರೆಗೂ ಕೈಬಿಡದಾಯಿತು. ನಾವೇ ಕೈಗೆ ಕೊಟ್ಟು, ನಾವೇ ಬೈದೆವು.

ವೃದ್ಧರಿಗೆ ಸಾವಿನ ಭಯಕ್ಕಿಂತ ಒಂಟಿತನವೇ ದೊಡ್ಡದು. ಕಿವಿ ಮಂದವಾದ ಅಜ್ಜಿ ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಮಾಸ್ಕ್ ಬಂದ ಮೇಲೆ ಆ ತುಟಿಗಳೇ ಮಾಯವಾದವು. ಭಾನುವಾರದ ಬಲಿಪೂಜೆ ಅವರಿಗೆ ವಾರದಲ್ಲಿ ಸಿಗುತ್ತಿದ್ದ ಏಕೈಕ ಸಂತೆ, ಸಂಬಂಧ, ಸಮಾಧಾನ. 2020ರ ಗರಿಗಳ ಭಾನುವಾರವೂ ಪಾಸ್ಖ ಹಬ್ಬವೂ ಬಾಗಿಲು ಮುಚ್ಚಿದ ದೇವಾಲಯದಲ್ಲಿ ನಡೆದವು. ಜೂನ್ 8ರ ನಂತರ ಬಾಗಿಲು ತೆರೆದಾಗಲೂ 65 ದಾಟಿದವರು ಮನೆಯಲ್ಲಿಯೇ ಇರಬೇಕೆಂಬ ಸಲಹೆಯಿತ್ತು.

ಅಪರಾಧಿ ಭಾವನೆ ಮತ್ತು ಮುಗಿಯದ ದುಃಖ

ಈಗ ಆ ಅಣ್ಣ ತಮ್ಮಂದಿರ ಬಳಿಗೆ ಬರೋಣ. ನಮ್ಮಲ್ಲಿ ಸಾವು ಊರಿನ ಕೆಲಸ. ದೇಹಕ್ಕೆ ಸ್ನಾನ, ಹೊಸ ಬಟ್ಟೆ, ರಾತ್ರಿಯೆಲ್ಲ ಜಪಸರ, ಹಾಡು, ಅಳು, ಹೆಗಲು ಕೊಡುವುದು, ಮುಷ್ಟಿ ಮಣ್ಣು ಹಾಕುವುದು, ಏಳನೆಯ ದಿನದ ಪೂಜೆ, ಬಂಧುಗಳ ಊಟ. ಇವೆಲ್ಲ ಬರಿಯ ಸಂಪ್ರದಾಯವಲ್ಲ. "ಅಪ್ಪ ಹೋದರು" ಎಂಬ ಸತ್ಯವನ್ನು ಮನಸ್ಸು ಮೆಟ್ಟಿಲು ಮೆಟ್ಟಿಲಾಗಿ ಒಪ್ಪಿಕೊಳ್ಳಲು ಇವು ನೆರವಾಗುತ್ತವೆ. ಕೊರೋನಾ ಸಾವಿನಲ್ಲಿ ಮೆಟ್ಟಿಲುಗಳೇ ಇರಲಿಲ್ಲ. ಚೀಲದಲ್ಲಿ ಸುತ್ತಿದ ದೇಹ, ದೂರದಲ್ಲಿ ನಿಂತ ಕೆಲವರು, ಹತ್ತು ನಿಮಿಷದ ಪ್ರಾರ್ಥನೆ. ಮನೆಗೆ ಮರಳಿದರೆ ಬಾಗಿಲಿಗೆ ಚೀಟಿ, ಬಂದು ಕೂಡುವವರಿಲ್ಲ. ಅಳು ಹೊರಗೆ ಹೋಗಲು ದಾರಿಯಿಲ್ಲದಾಗ ಅದು ಒಳಗಿದ್ದವರ ಮೇಲೆಯೇ ಬೀಳುತ್ತದೆ.

ದುಃಖದಲ್ಲಿ ಮನಸ್ಸು ಕಾರಣ ಹುಡುಕುತ್ತದೆ. ಕಾರಣವಿಲ್ಲದ ಸಾವಿಗಿಂತ ಯಾರದೋ ತಪ್ಪಿನಿಂದಾದ ಸಾವು ಅದಕ್ಕೆ ಸುಲಭವಾಗಿ ಅರ್ಥವಾಗುತ್ತದೆ. ಆಗಿಹೋದ ಮೇಲೆ ಎಲ್ಲವೂ ಮೊದಲೇ ತಿಳಿದಿತ್ತೆಂಬಂತೆ ತೋರುತ್ತದೆ. "ಬರಬಾರದಿತ್ತು", "ಬೇಗ ಒಯ್ಯಬೇಕಿತ್ತು", "ಆ ಆಸ್ಪತ್ರೆಗೆ ಹೋಗಬಾರದಿತ್ತು". ಆ ದಿನ ನಮ್ಮ ಮುಂದೆ ಇದ್ದ ದಾರಿಗಳು ಎಷ್ಟು, ತಿಳಿದದ್ದು ಎಷ್ಟು ಎಂಬುದನ್ನು ನಾವು ಮರೆಯುತ್ತೇವೆ.

ಆದ್ದರಿಂದ ಒಂದು ವೈದ್ಯಕೀಯ ಸತ್ಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಸೋಂಕು ತಗುಲಿದ ಎರಡರಿಂದ ಹದಿನಾಲ್ಕು ದಿನದೊಳಗೆ ಎಂದಾದರೂ ಲಕ್ಷಣ ಕಾಣಬಹುದು. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ರೋಗ ಇನ್ನೊಬ್ಬರಿಗೆ ಹರಡಬಹುದು. ಕೆಲವರಿಗೆ ಲಕ್ಷಣವೇ ಕಾಣದೆ ಹರಡಬಹುದು. ಆ ತಂದೆ ಅದೇ ವಾರ ಸಂತೆಗೆ ಹೋಗಿದ್ದರು, ಒಂದು ಮದುವೆಗೂ ಹೋಗಿದ್ದರು. ಅಣ್ಣ ದಿನವೂ ಅಂಗಡಿಯಲ್ಲಿ ಕೂಡುತ್ತಿದ್ದ. ಮೊದಲು ಕೆಮ್ಮಿದವನೇ ಮೊದಲು ತಂದವನೆಂದು ಹೇಳಲು ಬಾರದು. ಆ ಏಪ್ರಿಲ್‌ನಲ್ಲಿ ಆ ಮನೆಗೆ ರೋಗ ಯಾರಿಂದ ಬಂತೆಂಬುದನ್ನು ಇಂದು ಯಾವ ವೈದ್ಯರೂ ಹೇಳಲಾರರು. ತಮ್ಮ ಇಷ್ಟು ವರ್ಷ ಹೊತ್ತ ಶಿಲುಬೆಗೆ ಆಧಾರವೇ ಇಲ್ಲ. ಒಂದು ವೇಳೆ ಅವನಿಂದಲೇ ಬಂದಿದ್ದರೂ, ಮಗ ತಂದೆಯನ್ನು ನೋಡಲು ಮನೆಗೆ ಬಂದದ್ದು ಅಪರಾಧವಲ್ಲ.

ಅಣ್ಣನನ್ನೂ ನಾವು ದೂರುವುದಿಲ್ಲ. ಅಂದು ರಾತ್ರಿ ಅವನು ನಾಲ್ಕು ದಿನದಿಂದ ನಿದ್ದೆ ಮಾಡಿರಲಿಲ್ಲ. ಆಮ್ಲಜನಕದ ಹಾಸಿಗೆಗಾಗಿ ಊರೂರು ಅಲೆದಿದ್ದ. ಅವನಿಗೂ ಜ್ವರವಿತ್ತೆಂದು ಆಮೇಲೆ ತಿಳಿಯಿತು. ಜ್ವರ, ನಿದ್ದೆಗೇಡು, ಭಯ, ಸೋಲು ಇವು ನಾಲ್ಕೂ ಕೂಡಿ ಅವನ ನಾಲಿಗೆಯಿಂದ ಆ ಮಾತನ್ನು ಆಡಿಸಿದವು. ಆದರೆ ಬೆಳಗಾದ ಮೇಲೆ, ವಾರದ ಮೇಲೆ, ವರ್ಷದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವನ ಕೈಯಲ್ಲಿತ್ತು, ಇಂದಿಗೂ ಇದೆ. ದೇಹ ವಿವರಿಸುವುದು ಆ ರಾತ್ರಿಯನ್ನು, ಉಳಿದ ವರ್ಷಗಳಿಗೆ ನಾವೇ ಉತ್ತರ ಕೊಡಬೇಕು.

ದೂತನು ಮೊದಲು ಕೊಟ್ಟದ್ದು ರೊಟ್ಟಿ

ಮೊದಲನೆಯ ಅರಸುಗಳ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯರು ಅರಣ್ಯದ ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾರೆ. ದೇವದೂತನು ಬಂದು ಅವರಿಗೆ ಉಪದೇಶ ಮಾಡಲಿಲ್ಲ, ವಿಶ್ವಾಸ ಕಡಿಮೆಯೆಂದು ಗದರಿಸಲೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟನು. ಅವರು ತಿಂದು ಮಲಗಿದರು. ಮತ್ತೆ ಎಬ್ಬಿಸಿ ಮತ್ತೆ ಉಣ್ಣಿಸಿದನು. ಬೆಟ್ಟದ ಮೇಲೆ ದೇವರ ಮಾತು ಕೇಳಿಸಿದ್ದು ಅದಾದ ನಂತರವೇ. ಬಾಣಂತಿಗೆ ನಾವು ಹೇಳಬೇಕಾಗಿದ್ದ ಮಾತು ಇದೇ ಅಧ್ಯಾಯದಲ್ಲಿತ್ತು. ದೇಹದ ಆರೈಕೆ ಮೊದಲು. ಅದು ಪ್ರಾರ್ಥನೆಗೆ ಎದುರಲ್ಲ, ಅದಕ್ಕೆ ನೆಲಗಟ್ಟು.

ಮಹಾಮಾರಿಯ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇಕಡ 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ತಿಳಿಸಿತು. ಆದ್ದರಿಂದ "ನಮ್ಮ ಮನೆಗೆ ಮಾತ್ರ ಹೀಗೇಕೆ?" ಎಂದು ನಾಚಿಕೊಳ್ಳಬೇಕಾಗಿಲ್ಲ. ಮುಂದೆ ಎಂಥ ಕಷ್ಟಕಾಲ ಬಂದರೂ ಮನೆಯಲ್ಲಿ ಮಾಡಬಹುದಾದ ಕೆಲವು ಸಂಗತಿಗಳನ್ನು ಹೇಳುತ್ತೇವೆ.

ಮೊದಲನೆಯದು, ಹೊತ್ತಿಗೆ ಸರಿಯಾಗಿ ಏಳುವುದು, ಉಣ್ಣುವುದು, ಮಲಗುವುದು. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಡೆಯುವುದು ಮಿದುಳಿನ ಗಡಿಯಾರವನ್ನು ಸರಿಪಡಿಸುತ್ತದೆ. ಎರಡನೆಯದು, ಸುದ್ದಿಯನ್ನು ದಿನಕ್ಕೆ ಒಂದು ಹೊತ್ತು ನೋಡಿ ಟಿವಿ ಆರಿಸುವುದು. ಮೂರನೆಯದು, ರಾತ್ರಿಯ ಕುಟುಂಬ ಪ್ರಾರ್ಥನೆಗೆ ಮುಂಚೆ ಪ್ರತಿಯೊಬ್ಬರೂ ಆ ದಿನ ತಮಗೆ ಭಾರವಾದದ್ದು ಏನೆಂದು ಒಂದು ಮಾತು ಹೇಳುವುದು. ಮಕ್ಕಳು ಹೇಳುವಾಗ ತಿದ್ದಬಾರದು. ಮೆಲ್ಲಗೆ ಉಸಿರೆಳೆದು ಮೆಲ್ಲಗೆ ಬಿಡುತ್ತ ಕೂಡಿ ಜಪಿಸುವಾಗ ಎದೆಬಡಿತವೂ ಇಳಿಯುತ್ತದೆಂಬುದು ನಮ್ಮ ಹಿರಿಯರಿಗೆ ಅನುಭವದಿಂದ ಗೊತ್ತಿತ್ತು. ನಾಲ್ಕನೆಯದು, ಸಿಟ್ಟು ಬಂದಾಗ ಉತ್ತರವನ್ನು ನಾಳೆಗೆ ಇಡುವುದು. ಅಡ್ರಿನಲಿನ್ ಇಳಿದ ಮೇಲೆ ಆಡಿದ ಮಾತು ಬೇರೆಯೇ ಆಗಿರುತ್ತದೆ.

ಎರಡು ವಾರಕ್ಕೂ ಮಿಕ್ಕಿ ಬೇಸರ, ನಿದ್ದೆಗೇಡು, ಊಟ ಸೇರದಿರುವುದು, ಯಾವುದರಲ್ಲೂ ಆಸೆ ಇಲ್ಲದಿರುವುದು ಮುಂದುವರಿದರೆ ವೈದ್ಯರನ್ನು ಕಾಣಿರಿ. ಕೆಲವೊಮ್ಮೆ ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆಯೂ ಖಿನ್ನತೆಯ ವೇಷದಲ್ಲಿ ಬರುತ್ತವೆ. ಅವನ್ನು ರಕ್ತಪರೀಕ್ಷೆ ತೋರಿಸುತ್ತದೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೂರು ದಿನ ತಿಂದು ಬಿಡಬಾರದು, ವೈದ್ಯರನ್ನು ಕೇಳದೆ ನಿಲ್ಲಿಸಲೂ ಬಾರದು. ತೀರಿಕೊಂಡವರ ನೆನಪು ಆರು ತಿಂಗಳು ದಾಟಿದ ಮೇಲೂ ದಿನದ ಬದುಕನ್ನೇ ನಿಲ್ಲಿಸುವಷ್ಟು ತೀವ್ರವಾಗಿದ್ದರೆ ಅದಕ್ಕೂ ಚಿಕಿತ್ಸೆ ಇದೆಯೆಂದು ವೈದ್ಯಲೋಕ ಒಪ್ಪಿಕೊಂಡಿದೆ.

ಎಲ್ಲಿಗೆ ಹೋಗಬೇಕು? ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ತಜ್ಞರು ಬರುವ ದಿನವನ್ನು ಕೇಳಿರಿ. ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಆರಂಭವಾದ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂದು ಹೆಸರಾಗಿದೆ. "ಧಾರವಾಡಕ್ಕ ಹೋಗ್ಬೇಕು" ಎಂಬುದನ್ನು ಬೈಗುಳವಾಗಿ ಬಳಸುವ ರೂಢಿಯನ್ನು ದಯವಿಟ್ಟು ಬಿಡೋಣ. ಆ ಒಂದು ನಗೆಮಾತು ಎಷ್ಟೋ ಜನರನ್ನು ಚಿಕಿತ್ಸೆಯಿಂದ ದೂರವಿಟ್ಟಿದೆ. ಫೋನಿನಲ್ಲಿ ಮಾತನಾಡಬೇಕೆನ್ನುವವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ಮಕ್ಕಳಿಗೆ ತೊಂದರೆಯಾದರೆ 1098, ಮಹಿಳೆಯರಿಗೆ 181, ಪ್ರಾಣಾಪಾಯವಿದ್ದರೆ 112. ಬದುಕು ಸಾಕೆಂದು ಯಾರಾದರೂ ಹೇಳಿದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ನೇರವಾಗಿ ಕೇಳಿರಿ, ಒಬ್ಬರನ್ನೇ ಬಿಡಬೇಡಿ, ಕೀಟನಾಶಕದ ಡಬ್ಬಿಗಳನ್ನು ಮನೆಯಿಂದ ದೂರ ಬೀಗದೊಳಗಿಡಿ.

ಈ ನವೆಂಬರ್ 2ಕ್ಕೆ

ಮಹಾಮಾರಿಯಲ್ಲಿ ತಮ್ಮವರನ್ನು ಸರಿಯಾಗಿ ಕಳುಹಿಸಿಕೊಡಲಾಗದ ಮನೆಗಳಿಗೆ ನಮ್ಮದೊಂದು ಸಲಹೆ ಇದೆ. ಈ ಸಾರಿ ಸಮಾಧಿಯ ಮುಂದೆ, ಅಂದು ಆಗದಿದ್ದುದನ್ನು ಈಗ ಮಾಡಿರಿ. ಹೆಸರು ಹಿಡಿದು ಕರೆಯಿರಿ, ಹೇಳಬೇಕಾಗಿದ್ದ ಮಾತನ್ನು ಗಟ್ಟಿಯಾಗಿ ಹೇಳಿರಿ, ಒಬ್ಬೊಬ್ಬರೂ ಒಂದು ಮುಷ್ಟಿ ಮಣ್ಣು ಹಾಕಿರಿ. ಏಳನೆಯ ದಿನದ ಊಟ ಆಗದಿದ್ದರೆ ಈಗ ಬಂಧುಗಳನ್ನು ಕರೆಯಿರಿ. ದುಃಖಕ್ಕೆ ತಡವಾಯಿತೆಂಬುದಿಲ್ಲ. ಪೂಜೆಗೆ ಹೆಸರು ಕೊಟ್ಟರೆ ನಾವು ಬರುತ್ತೇವೆ.

ಈ ಲೇಖನದ ಕರಡನ್ನು ನಾವು ಆ ಇಬ್ಬರಿಗೂ ಬೇರೆ ಬೇರೆಯಾಗಿ ಓದಿ ಹೇಳಿದೆವು. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, "ಅವತ್ತು ನನಗೂ ಜ್ವರ ಇತ್ತಂತ ನಾ ಯಾರಿಗೂ ಹೇಳಿರಲಿಲ್ರಿ ಫಾದರ್. ನಾನ ತಂದಿರಬೇಕು ಅಂತ ನನಗ ಒಳಗ ಅಂಜಿಕಿ ಇತ್ತು" ಎಂದ. ತಮ್ಮ ಏನನ್ನೂ ಹೇಳಲಿಲ್ಲ. ಸ್ಮಶಾನಕ್ಕೆ ಎಷ್ಟು ಗಂಟೆಗೆ ಬರುತ್ತೀರಿ ಎಂದು ಮಾತ್ರ ಕೇಳಿದ. ಸಂಜೆ ಐದಕ್ಕೆ ಎಂದು ಇಬ್ಬರಿಗೂ ಹೇಳಿದ್ದೇವೆ.

ಮಾತು ನಿಂತ ಎಲ್ಲ ಮನೆಗಳಿಗಾಗಿ ಅಂದು ನಮ್ಮೊಡನೆ ಪ್ರಾರ್ಥಿಸಿರಿ.